ದ್ರಾಕ್ಷಿಯ ಅಜ್ಜನಿಗೆ ಗಾಜಿನ ಪೆಟ್ಟಿಗೆ

ನಾನು ದುಬೈಗೆ ಹೋದದ್ದು ಊರು ನೋಡಲು ಅಲ್ಲ, ಕತ್ತಿ ತರಲು. ಎತ್ತರದ ಕಟ್ಟಡ, ಚಿನ್ನದ ಅಂಗಡಿ ಇವುಗಳ ಬಗ್ಗೆ ಓದಬೇಕೆನ್ನುವವರು ಬೇರೆಯವರು ಬರೆದದ್ದನ್ನು ಓದಿಕೊಳ್ಳಲಿ. ಬರೆದವರು ಬೇಕಾದಷ್ಟಿದ್ದಾರೆ.

ಕತ್ತಿ ನಮ್ಮಪ್ಪನದು. ಅಪ್ಪ ಮೂರ್ತೆಯವನು, ಎಂದರೆ ಮರ ಹತ್ತಿ ಕಳ್ಳು ಇಳಿಸುವವನು. ಮೂರ್ತೆಯ ಕತ್ತಿ ಅಡುಗೆಮನೆಯ ಕತ್ತಿಯ ಹಾಗಲ್ಲ. ಅಗಲವಾಗಿ, ತೆಳ್ಳಗೆ, ತುದಿಯಲ್ಲಿ ಬಾಗಿರುತ್ತದೆ. ತೆಂಗಿನ ಹೊಂಬಾಳೆಯ ಮೂತಿಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಕೆತ್ತಬೇಕಲ್ಲ, ಅದಕ್ಕೆ. ಅಪ್ಪನ ನಂತರ ಅದನ್ನು ನನ್ನ ಗಂಡ ತನಿಯ ಹಿಡಿದ. ತನಿಯನೂ ಹೋದ. ಅವನ ಉತ್ತರಕ್ರಿಯೆಗೆ ಬಂದ ನನ್ನ ತಂಗಿ ಸುಶೀಲೆ, ಅಪ್ಪನ ನೆನಪಿಗೆ ಎಂದು ಕತ್ತಿಯನ್ನು ಟವೆಲಿನಲ್ಲಿ ಸುತ್ತಿ ದುಬೈಗೆ ಒಯ್ದಳು. ಮನೆ ತುಂಬ ಜನ, ನನ್ನ ತಲೆ ನೆಟ್ಟಗಿರಲಿಲ್ಲ. ಗೊತ್ತಾಗುವಾಗ ಅವಳು ವಿಮಾನ ಹತ್ತಿಯಾಗಿತ್ತು.

ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ಎಲೆಯ ಬಲಗಡೆ ಕತ್ತಿ ಇಡುವುದು ನಮ್ಮ ಮನೆಯ ಕ್ರಮ. ಅಷ್ಟು ವರ್ಷ ನಾನು ಅಲ್ಲಿ ಏನೂ ಇಡದೆ ಬಡಿಸಿದೆ. ಫೋನಿನಲ್ಲಿ ಕೇಳಿದಾಗಲೆಲ್ಲ ಸುಶೀಲೆ, "ಬಂದು ತೆಗೊಂಡು ಹೋಗು" ಎನ್ನುತ್ತಿದ್ದಳು. ನಾನು ಬರುವುದಿಲ್ಲ ಎಂಬ ಧೈರ್ಯ. ಅವಳ ಗಂಡ ವಾಮನ ಒಳ್ಳೆಯವನು, ಮಾತನ್ನು ನಿಜ ಎಂದುಕೊಂಡು ಟಿಕೆಟು ಕಳಿಸಿಬಿಟ್ಟ.

ವಿಮಾನ ನಿಲ್ದಾಣ

ದುಬೈಯ ವಿಮಾನ ನಿಲ್ದಾಣದಲ್ಲಿ ನೆಲವೇ ನಡೆಯುತ್ತದೆ. ನಾನು ಅದರ ಮೇಲೆ ಕಾಲಿಟ್ಟದ್ದು ಹಿಂದೆ ಬರುವವರನ್ನು ನೋಡುತ್ತ. ಹಾಗಾಗಿ ದುಬೈಯನ್ನು ಪ್ರವೇಶಿಸಿದ್ದು ಬೆನ್ನು ಮುಂದೆ ಮಾಡಿಕೊಂಡು. ಕೊನೆಯಲ್ಲಿ ಒಬ್ಬ ಪಠಾಣನಂಥ ಗಂಡಸು ತೋಳು ಹಿಡಿದು ಇಳಿಸದೇ ಇದ್ದಿದ್ದರೆ ಕುಂಡೆ ಊರಿ ಬೀಳುತ್ತಿದ್ದೆ.

ಹೊರಗೆ ಸುಶೀಲೆ ನಿಂತಿದ್ದಳು. ನನಗಿಂತ ಐದೇ ವರ್ಷಕ್ಕೆ ಚಿಕ್ಕವಳು, ನೋಡಿದರೆ ನನ್ನ ಮಗಳ ಹಾಗಿದ್ದಾಳೆ. ಕೂದಲು ಕಪ್ಪು. ಬಣ್ಣ ಹಾಕಿದ್ದು ಎಂದು ಗೊತ್ತಿದೆ, ಆದರೂ ಕಪ್ಪು. ಹಲ್ಲು ಪೂರ್ತಿ ಇದೆ. ಮೊಣಕಾಲು ನೋಯುವುದಿಲ್ಲವಂತೆ. ಆ ಮೊಣಕಾಲಿನ ಮೇಲೆ ನನಗೆ ಅಲ್ಲಿಂದಲೇ ಕಿಚ್ಚು ಹತ್ತಿತು.

"ಅಕ್ಕ, ಚಪ್ಪಲಿ ಇದೇನಾ ಇರುದು?" ಎಂದಳು. ಅದು ಅವಳ ಮೊದಲ ಮಾತು.

"ಕಾಲೂ ಇದೇ ಇರುದು. ಕತ್ತಿ ಎಲ್ಲಿ?"

"ಯಲ್ಲಾ, ನಡಿ ನಡಿ, ಮೊದಲು ಮನೆಗೆ ಹೋಗುವ" ಎಂದು ನನ್ನ ಪೆಟ್ಟಿಗೆ ಎಳೆದುಕೊಂಡು ನಡೆದಳು. ಆ ನಡಿಗೆ ನೋಡಬೇಕಿತ್ತು. ಹುಡುಗಿಯ ಹಾಗೆ.

ಸತ್ವಾ

ವಾಮನನ ಹೊಲಿಗೆ ಅಂಗಡಿ ಇರುವುದು ಸತ್ವಾದಲ್ಲಿ. ಅದು ದೊಡ್ಡವರ ದುಬೈ ಅಲ್ಲ. ತಗ್ಗಿನ ಮನೆಗಳು, ಗ್ಯಾರೇಜು, ಒಂದರ ಪಕ್ಕ ಒಂದು ದರ್ಜಿ ಅಂಗಡಿ. ಜನ ಬೀದಿಯಲ್ಲಿ ನಡೆಯುತ್ತಾರೆ, ಬಸ್ಸಿಗೆ ಕಾಯುತ್ತಾರೆ. ನನಗೆ ಹಿಡಿಸಿತು. ಅಂಗಡಿಯ ಮೇಲೆಯೇ ಇವರ ಮನೆ. ಗಂಡ ಹೆಂಡತಿ ಇಬ್ಬರೂ ಹೋಟೆಲಿನವರ ಸಮವಸ್ತ್ರ, ಕಾರ್ಖಾನೆಯವರ ಡಾಂಗ್ರಿ ಹೊಲಿಯುತ್ತಾರೆ.

ಮನೆ ಸಣ್ಣದು. ಕಿಚ್ಚುಪಡಲು ಏನೂ ಇಲ್ಲ ಎಂದುಕೊಂಡೆ. ಆದರೆ ಸ್ನಾನದ ಮನೆಯಲ್ಲಿ ನಳ್ಳಿ ತಿರುಗಿಸಿದರೆ ಸೌದೆ ಇಲ್ಲದೆ ಬಿಸಿನೀರು. ಬಟ್ಟೆ ಹಾಕಿದರೆ ತೊಳೆದು ಕೊಡುವ ಯಂತ್ರ. ತಂಗಿಗೆ ಸೊಂಟ ನೋಯುವುದಿಲ್ಲ ಎಂದರೆ ಹೇಗೆ ನೋಯಬೇಕು? ನನ್ನ ಸೊಂಟವನ್ನು ನಾನು ಬಾವಿಕಟ್ಟೆಗೆ ಕೊಟ್ಟೆ, ಅವಳದನ್ನು ಹಾಗೆಯೇ ಇಟ್ಟುಕೊಂಡಿದ್ದಾಳೆ.

ಬೀದಿಯಲ್ಲಿ ಎಲೆ ಉಗುಳಿದರೆ ದಂಡವಂತೆ. ಹಾಗಾಗಿ ಸುಶೀಲೆ ನನ್ನ ವೀಳ್ಯದೆಲೆ ಅಡಿಕೆಯನ್ನು ಬಂದ ದಿನವೇ ಕಸಕ್ಕೆ ಹಾಕಿದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸುಣ್ಣದ ಡಬ್ಬಿ ಅವಳ ಕಣ್ಣಿಗೆ ಬೀಳಲಿಲ್ಲ. ಎಲೆ ಇಲ್ಲದ ಸುಣ್ಣ ಯಾವ ಕೆಲಸಕ್ಕೂ ಬಾರದು. ಆದರೂ ಡಬ್ಬಿ ಸೊಂಟದಲ್ಲಿದ್ದರೆ ನನಗೊಂದು ಸಮಾಧಾನ.

ಕತ್ತಿಯ ಮಾತೆತ್ತಿದಾಗಲೆಲ್ಲ ಅವಳಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತು ತಾನಾಗಿಯೇ ಬಾಯಿಬಿಟ್ಟಳು.

"ಅಕ್ಕ, ಅಬುಧಾಬಿಯ ಒಂದು ಹೋಟೆಲಿಗೆ ನನ್ನ ಒಟ್ಟಿಗೆ ಬರ್ಬೇಕು ನೀನು. ಅಲ್ಲೊಬ್ಬಳು ಫ್ರಾನ್ಸಿನ ಮೇಡಂ ಉಂಟು. ವೈನಿನ ಮುಖ್ಯಸ್ಥೆ. ಅವಳ ಊರಿನ ವೈನಿದು ಒಂದು ಕಾರ್ಯಕ್ರಮ. ಏಪ್ರನ್ ಹೊಲಿದು ಕೊಟ್ಟದ್ದು ನಾವಲ್ವಾ, ಕರ್ದಿದ್ದಾಳೆ. ನೀನು ಬಂದಿದ್ದಿ ಅಂತ ನಿನ್ನನ್ನೂ."

"ನನ್ನನ್ನು ಯಾಕೆ?"

ಅವಳು ಸೂಜಿಗೆ ದಾರ ಹಾಕುವ ನೆಪದಲ್ಲಿ ತಲೆ ಬಗ್ಗಿಸಿದಳು. ನಿಧಾನಕ್ಕೆ ಕಥೆ ಹೊರಗೆ ಬಂತು. ಆ ಮೇಡಂ, ಹೆಸರು ಕ್ಲೇರ್, ಅಳತೆ ಕೊಡಲು ಅಂಗಡಿಗೆ ಬಂದಾಗ ತನ್ನ ಅಜ್ಜ ದ್ರಾಕ್ಷಿ ಬೆಳೆಯುತ್ತಿದ್ದ, ಅವನ ಅಜ್ಜನೂ ಅದೇ, ಎಂದೆಲ್ಲ ಹೇಳಿದಳಂತೆ. ಇವಳಿಗೆ ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ. ನಮ್ಮಪ್ಪನೂ ದೊಡ್ಡ ತೆಂಗಿನ ತೋಟದ ಯಜಮಾನ ಎಂದುಬಿಟ್ಟಳು. ಹೊಟ್ಟೆಕಿಚ್ಚು ನಮ್ಮ ಮನೆಯಲ್ಲಿ ನನಗೊಬ್ಬಳಿಗೆ ಬಂದದ್ದಲ್ಲ.

"ಯಜಮಾನ!" ಎಂದೆ. "ಅಪ್ಪ ಹತ್ತಿದ ಮರದಲ್ಲಿ ಒಂದಾದರೂ ನಮ್ಮದಿತ್ತೇನೇ?"

"ಅದಕ್ಕೇ ಹೇಳುದು. ನೀನು ಅಲ್ಲಿ ಬಾಯಿ ಬಿಡ್ಬೇಡ. ಮೂರ್ತೆ, ಕಳ್ಳು, ಗಡಂಗು ಒಂದು ಶಬ್ದವೂ ಬರ್ಬಾರ್ದು. ಇಂಗ್ಲಿಷ್ ನಿಂಗೆ ಬರುದಿಲ್ಲ, ಆದ್ರೆ ನಿನ್ನ ಬಾಯಿ ನಂಗೆ ಗೊತ್ತುಂಟು. ಅಲ್ಲಿ ನಮ್ಮ ಊರಿನವರೂ ಇರ್ತಾರೆ. ಬಾಯಿ ಮುಚ್ಚಿ ಕೂತ್ರೆ ಕತ್ತಿ ಕೊಡ್ತೇನೆ."

"ಆಣೆ?"

"ಅಪ್ಪನಾಣೆ."

ವಾಮನ ಇಸ್ತ್ರಿ ಪೆಟ್ಟಿಗೆಯ ಹಿಂದಿನಿಂದ, "ಅಕ್ಕ, ಒಪ್ಪಿಕೊಳ್ಳಿ. ನನಗೂ ಒಂದು ದಿನ ಮನೆ ಶಾಂತ ಇರ್ತದೆ" ಎಂದ. ಒಪ್ಪಿಕೊಂಡೆ. ಕತ್ತಿಗಾಗಿ ಅಷ್ಟು ದೂರ ಬಂದವಳು ಒಂದು ಸಂಜೆ ಬಾಯಿ ಮುಚ್ಚಲಾರೆನೇ?

ಮುಸಫ್ಫಾ

ನಮ್ಮನ್ನು ಕರೆದುಕೊಂಡು ಹೋದದ್ದು ಇಕ್ಬಾಲ್. ಉಳ್ಳಾಲದ ಬ್ಯಾರಿ, ತಲೆ ನರೆತ ಗಂಡಸು. ಅವನ ವ್ಯಾನಿನಲ್ಲಿ ಹಿಂದೆ ಡಾಂಗ್ರಿಯ ಮೂಟೆಗಳು, ಮುಂದೆ ನಾವು. ಮೂಟೆಗಳನ್ನು ಮೊದಲು ಮುಸಫ್ಫಾದಲ್ಲಿ, ಅಬುಧಾಬಿಯ ಕಾರ್ಖಾನೆಗಳಿರುವ ಕಡೆ, ಇಳಿಸಬೇಕಿತ್ತು.

ದಾರಿಯುದ್ದಕ್ಕೂ ಖರ್ಜೂರದ ಮರ. ಮರಳಿನಲ್ಲಿ ಹೇಗೆ ಬದುಕುತ್ತವೆ ಎಂದು ನೋಡಿದರೆ ಪ್ರತಿ ಮರದ ಬುಡಕ್ಕೂ ಒಂದೊಂದು ಕಪ್ಪು ಪೈಪು. ಮರಕ್ಕೊಂದು ನಳ್ಳಿ! ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ಒಂದು.

"ಅವಕ್ಕೆ ನೀರು ತಪ್ಪಿದ್ರೆ ಕೇಳ್ಲಿಕ್ಕೆ ಆಫೀಸರ್ ಉಂಟು ಅಮ್ಮ" ಎಂದ ಇಕ್ಬಾಲ್. "ನಮಗೆ ತಪ್ಪಿದ್ರೆ ಮಾಫಿ."

"ಮಾಫಿ ಎಂದರೆ?"

"ಇಲ್ಲ ಅಂತ. ಇಲ್ಲಿ ಮೊದಲು ಕಲಿಯುವ ಶಬ್ದವೇ ಅದು."

ಒಂದು ಕಡೆ ಒಬ್ಬ ಮನುಷ್ಯ ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿ ಖರ್ಜೂರದ ಮರದ ಮೇಲೆ ಒರಗಿ ಕೂತು ಗೊನೆ ಕಟ್ಟುತ್ತಿದ್ದ. ಕುರ್ಚಿಯಲ್ಲಿ ಕೂತಷ್ಟು ಆರಾಮ. ನಮ್ಮಪ್ಪನಿಗೆ ಇದ್ದದ್ದು ಕಾಲಿಗೆ ಹಗ್ಗದ ಬಳೆ, ಸೊಂಟಕ್ಕೆ ಕತ್ತಿಯ ಗೂಡು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರ. ಆ ಪಟ್ಟಿಯನ್ನು ನೋಡಿ ನಾನು ಮುಖ ತಿರುಗಿಸಿಕೊಂಡೆ.

ಮುಸಫ್ಫಾದಲ್ಲಿ ಎಲ್ಲಿ ನೋಡಿದರೂ ಕಬ್ಬಿಣ. ಕಂಪೆನಿ ಬಸ್ಸಿನಿಂದ ಇಳಿಯುತ್ತಿದ್ದ ಗಂಡಸರೆಲ್ಲ ಸುಶೀಲೆ ಹೊಲಿದ ನೀಲಿ ಬಟ್ಟೆಯಲ್ಲಿದ್ದರು. "ಆ ಬಗ್ಗಿ ನಡೀತಾನಲ್ಲ, ಅವನ ಬೆನ್ನಿನ ಹೊಲಿಗೆ ನಂದು. ಅವನು ಬಗ್ಗಿದ್ರೂ ಅದು ಬಿಡ್ಲಿಕ್ಕಿಲ್ಲ" ಎಂದು ತೋರಿಸಿದಳು. ಆಗ ಮಾತ್ರ ಅವಳ ಮುಖ ನಮ್ಮ ಊರಿನದಾಗಿತ್ತು.

ಅಬುಧಾಬಿ, ಹೋಟೆಲು

ಹೋಟೆಲಿನ ಬಾಗಿಲಲ್ಲಿ ಇಕ್ಬಾಲ್ ನಿಂತುಬಿಟ್ಟ. "ನಾನು ಒಳಗೆ ಇಲ್ಲಮ್ಮ. ಆ ವಾಸನೆ ಇರುವಲ್ಲಿ ನನ್ನ ಕಾಲು ಬರುದಿಲ್ಲ. ಗಾಡಿಯಲ್ಲಿ ಇರ್ತೇನೆ, ಖಲಾಸ್ ಆದ ಮೇಲೆ ಫೋನ್ ಮಾಡಿ" ಎಂದ.

ಒಳಗೆ ಒಂದು ಉದ್ದದ ಮೇಜು. ಒಬ್ಬೊಬ್ಬರ ಮುಂದೆ ಐದು ಗ್ಲಾಸು, ಒಂದು ತಟ್ಟೆ ರೊಟ್ಟಿ, ವಾಸನೆ ಬರುವ ಚೀಸು, ಒಂದು ಸಣ್ಣ ಬಕೆಟು. ಬಕೆಟು ಯಾಕೆ ಎಂದರೆ ಉಗುಳಲು. ಸೂಟು ಹಾಕಿದವರು ವೈನನ್ನು ಬಾಯಿ ತುಂಬ ಹಾಕಿ, ಬಾಯಿ ಮುಕ್ಕಳಿಸಿದ ಹಾಗೆ ಮುಕ್ಕಳಿಸಿ, ಬಕೆಟಿಗೆ ಉಗುಳುತ್ತಾರೆ. ಆಮೇಲೆ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಈ ದೇಶದಲ್ಲಿ ಎಲೆ ಉಗುಳಿದರೆ ದಂಡ, ವೈನು ಉಗುಳಿದರೆ ಮರ್ಯಾದೆ. ನಾನು ಉಗುಳಲಿಲ್ಲ. ಒಬ್ಬರು ಕಷ್ಟಪಟ್ಟು ಇಳಿಸಿದ್ದನ್ನು ಉಗುಳುವ ಕ್ರಮ ನಮ್ಮಲ್ಲಿಲ್ಲ. ಸುಶೀಲೆ ಉಗುಳಲೂ ಇಲ್ಲ, ಕುಡಿಯಲೂ ಇಲ್ಲ. ಗ್ಲಾಸನ್ನು ತುಟಿಗೆ ಮುಟ್ಟಿಸಿ ಇಡುತ್ತಿದ್ದಳು.

ಕ್ಲೇರ್ ಮೇಡಂ ನನ್ನ ವಯಸ್ಸಿಗೆ ಹತ್ತಿರದವಳು. ಬಿಳಿ ಕೂದಲಿಗೆ ಬಣ್ಣ ಹಾಕಿಲ್ಲ. ಆ ಕೂದಲಲ್ಲೂ ಚಂದ ಕಾಣುತ್ತಿದ್ದಳು, ಅದೂ ನನಗೆ ಸರಿಕಾಣಲಿಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳುವುದನ್ನು ಸುಶೀಲೆ ನನ್ನ ಕಿವಿಯಲ್ಲಿ ತುಂಡು ತುಂಡು ಮಾಡಿ ಹೇಳುತ್ತಿದ್ದಳು.

ಅವಳ ಊರಿನ ಸೀಮೆಯ ಹೆಸರು ಬರ್ಗಂಡಿ. ಅಲ್ಲೊಂದು ಉದ್ದದ ಇಳಿಜಾರು, ಬೆಳಗಿನ ಬಿಸಿಲಿಗೆ ಮುಖ ಮಾಡಿದ್ದು. ಮೇಲ್ಗಡೆ ಬರೀ ಕಲ್ಲು, ಕೆಳಗಡೆ ಕೊಬ್ಬಿದ ಮಣ್ಣು, ನಡುವಿನ ಪಟ್ಟಿಯೇ ಚಿನ್ನ. ನೂರಾರು ವರ್ಷದ ಹಿಂದೆ ಅಲ್ಲಿ ಬಿಳಿ ನಿಲುವಂಗಿಯ ಸನ್ಯಾಸಿಗಳಿದ್ದರಂತೆ. ಯಾವ ತುಂಡು ನೆಲದ ದ್ರಾಕ್ಷಿ ಹೇಗೆ ಎಂದು ತಲೆತಲಾಂತರ ನೋಡಿ ನೋಡಿ ಗುರುತು ಮಾಡಿ, ಒಳ್ಳೆಯ ತುಂಡಿಗೆ ಕಲ್ಲಿನ ಗೋಡೆ ಕಟ್ಟಿದರಂತೆ. ಗೋಡೆ ಈಗಲೂ ಇದೆ. ಅವರು ಮಣ್ಣನ್ನು ಬಾಯಿಗೆ ಹಾಕಿ ರುಚಿ ನೋಡುತ್ತಿದ್ದರು ಎಂದೂ ಜನ ಹೇಳುತ್ತಾರಂತೆ.

ನಾನೂ ಚಿಕ್ಕವಳಿರುವಾಗ ಮಣ್ಣು ತಿಂದಿದ್ದೇನೆ. ಅಮ್ಮ ಬೆನ್ನಿಗೆ ಬಾರಿಸಿದ್ದಳು. ಯಾರೂ ಅದನ್ನು ಇತಿಹಾಸ ಎನ್ನಲಿಲ್ಲ.

ಪ್ರತಿ ತುಂಡಿಗೂ ಹೆಸರು. ಆ ಹೆಸರು ಬಾಟಲಿಯ ಮೇಲೆ. ಅದರ ಕೆಳಗೆ ಬೆಳೆದ ಮನೆಯವರ ಹೆಸರು. ನಮ್ಮ ಮರಗಳಿಗೂ ಹೆಸರಿತ್ತು. ಬಾಗಿದವಳು, ಕಟ್ಟೆಯ ಮರ, ಮುಂಗೋಪಿ, ದಂಡೆಯವಳು. ದಂಡೆಯವಳ ಕಳ್ಳಿಗೆ ಒಂದು ತೆಳು ಉಪ್ಪಿನ ರುಚಿ, ಕಡಲು ಹತ್ತಿರ ಇದ್ದುದರಿಂದ. ಮುಂಗೋಪಿ ಒಂದು ದಿನ ಕುಡಿಕೆ ತುಂಬ ಕೊಟ್ಟರೆ ಮರುದಿನ ಒಂದು ಹನಿ ಕೊಡದು. ಎಲ್ಲವೂ ಗಡಂಗಿಗೆ, ಎಂದರೆ ಕಳ್ಳಿನ ಅಂಗಡಿಗೆ, ಹೋಗಿ ಒಂದೇ ಪೀಪಾಯಿಗೆ ಬೀಳುತ್ತಿತ್ತು. ಅಲ್ಲಿ ಅದಕ್ಕೆ ಒಂದೇ ಹೆಸರು, ಗುತ್ತಿಗೆದಾರನದು.

ಮುಂದೆ ಒಬ್ಬ ದೊರೆಯ ಕಥೆ ಬಂತು. ಈ ವೈನಿನ ದ್ರಾಕ್ಷಿ ಪಿನೋ ಎಂಬ ಜಾತಿ, ನಾಜೂಕು, ಕಡಿಮೆ ಬಿಡುತ್ತದೆ. ಗಾಮೆ ಎಂಬ ಇನ್ನೊಂದು ಜಾತಿ ಸೊಂಪಾಗಿ ಬಿಡುತ್ತದೆ, ಜನ ಅದನ್ನೇ ನೆಡುತ್ತಿದ್ದರು. ದೊರೆಗೆ ಅದು ಸೇರಲಿಲ್ಲ, ಕೀಳಿಸಿ ಎಂದು ಆಜ್ಞೆ ಮಾಡಿದ. ಎಲ್ಲರೂ ದೊರೆಯ ನಾಲಿಗೆಯನ್ನು ಹೊಗಳಿದರು. ನನಗೆ ಗಾಮೆಯ ಮೇಲೆಯೇ ಪ್ರೀತಿ ಬಂತು.

ಆಮೇಲೆ ಜನ ದಂಗೆ ಎದ್ದು ರಾಜನನ್ನು ಇಳಿಸಿದರು, ಮಠದ ದ್ರಾಕ್ಷಿತೋಟ ಹರಾಜಾಯಿತು. ಅಪ್ಪ ಸತ್ತರೆ ಮಕ್ಕಳೆಲ್ಲರಿಗೂ ಸಮಪಾಲು ಎಂಬ ಕಾನೂನು ಬಂತು. ಹಂಚಿ ಹಂಚಿ ಈಗ ಕೆಲವರಿಗೆ ಒಂದು ತುಂಡಿನಲ್ಲಿ ಎರಡೇ ಸಾಲು ಬಳ್ಳಿ ಇದೆಯಂತೆ. ಎರಡು ಸಾಲು ಇದ್ದವನೂ ತನ್ನ ಹೆಸರು ಹಾಕಿ ಬಾಟಲಿ ಮಾಡುತ್ತಾನೆ. ಮತ್ತೆ ಒಂದು ಕಾಲದಲ್ಲಿ ಒಂದು ಹುಳ ಬಂದು ಬೇರನ್ನೆಲ್ಲ ತಿಂದು ದೇಶದ ದ್ರಾಕ್ಷಿಯೇ ಮುಗಿಯಿತು ಎನ್ನುವಾಗ, ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿ ಉಳಿಸಿಕೊಂಡರು. ನಮಗೆ ಹುಳ ಬರಲಿಲ್ಲ. ಗಡಂಗಿನ ಎದುರು ಬಾಟಲಿ ಸಾರಾಯಿಯ ಅಂಗಡಿ ಬಂತು, ಅಷ್ಟೇ ಸಾಕಾಯಿತು. ಕಸಿ ಕಟ್ಟಲು ಯಾರೂ ಬರಲಿಲ್ಲ.

ಮೇಡಂ ನನ್ನ ಹತ್ತಿರ ಬಂದು, ಯಾವುದು ನಡುವಿನ ಪಟ್ಟಿಯದು ಹೇಳಿ ಎಂದಳು. ನಾನು ಎರಡನೇ ಗ್ಲಾಸನ್ನು ಧೈರ್ಯವಾಗಿ ತೋರಿಸಿದೆ. ಅದು ಎಲ್ಲಕ್ಕಿಂತ ಕೆಳಗಿನ ಬಯಲಿನದಂತೆ, ಮನೆಯಲ್ಲಿ ದಿನಾ ಊಟಕ್ಕೆ ಕುಡಿಯುವುದು. ಪಕ್ಕದ ಸೂಟಿನವನು ನಕ್ಕ. ನಗಲಿ. ನನಗೆ ಅದೇ ರುಚಿಯಾಗಿತ್ತು.

ಗೋಡೆಯ ಬದಿಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ದೀಪ. ದೀಪದ ಕೆಳಗೆ ಮಖಮಲ್ಲಿನ ಮೇಲೆ ಒಂದು ಕತ್ತಿ. ಕಿರುಬೆರಳಿನ ಹಾಗೆ ಬಾಗಿದ್ದು, ಮರದ ಹಿಡಿ, ಹಿಡಿ ಸವೆದು ನುಣುಪಾಗಿದೆ. ಮೇಡಂನ ಅಜ್ಜ ಬಳ್ಳಿ ಸವರುತ್ತಿದ್ದ ಕತ್ತಿ. ಅವಳ ಅಣ್ಣ ಈಗಲೂ ಊರಿನಲ್ಲಿ ಅದೇ ಕೆಲಸ ಮಾಡುತ್ತಾನಂತೆ. ಪಕ್ಕದಲ್ಲಿ ಅಜ್ಜನ ಫೋಟೋ, ಬಗ್ಗಿದ ಬೆನ್ನು, ಹರಿದ ಕೋಟು, ಕೊಳಕು ಉಗುರು. ಆ ಉಗುರನ್ನು ಅವಳು ಬೆರಳಿಟ್ಟು ತೋರಿಸಿದಳು, ಹೆಮ್ಮೆಯಿಂದ. ಸೂಟಿನವರೆಲ್ಲ ಸುತ್ತ ನಿಂತು ದೇವರನ್ನು ನೋಡುವ ಹಾಗೆ ನೋಡಿದರು.

ನಮ್ಮಪ್ಪನ ಫೋಟೋ ಇಲ್ಲ. ತನಿಯನದು ಇರುವುದು ಮತದಾರರ ಚೀಟಿಯಲ್ಲಿ, ಅದರಲ್ಲಿ ಅವನು ಕಳ್ಳನ ಹಾಗೆ ಕಾಣುತ್ತಾನೆ. ಆ ಫ್ರಾನ್ಸಿನ ಅಜ್ಜನ ಮೇಲೆ ನನಗೆ ಬಂದ ಸಿಟ್ಟು ಹೇಳಲಾರೆ. ಆಯುಷ್ಯವಿಡೀ ನೆಲದ ಮೇಲೆ ನಿಂತು ಕೆಲಸ ಮಾಡಿದವನು. ಒಂದು ದಿನವೂ ಮರದಿಂದ ಬೀಳುವ ಭಯ ಇದ್ದವನಲ್ಲ.

ಬಾಯಿ ಬಿಡಲಿಲ್ಲ. ಬಂದು ಕುರ್ಚಿಯಲ್ಲಿ ಕೂತೆ. ಮುಂದಿನ ಗ್ಲಾಸು ಗಾಢ ಕೆಂಪಿನದು, ಹುಳಿ. ಹುಳಿ ನಾಲಿಗೆಗೆ ತಾಗಿದ್ದೇ ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ನಮ್ಮ ಮನೆಯಲ್ಲಿ ಗಂಡಸರು ಮರ ಹತ್ತಿದರೆ, ಕುಡಿಕೆಯ ಒಳಗೆ ಸುಣ್ಣ ಬಳಿಯುವುದು ಹೆಂಗಸರ ಕೆಲಸ. ಸುಣ್ಣ ಬಳಿದ ಕುಡಿಕೆಗೆ ಬಿದ್ದದ್ದು ಹುಳಿಯಾಗದೆ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕಾಯಿಸಿ ಬೆಲ್ಲ ಮಾಡುತ್ತೇವೆ. ಹುಳಿ ಎಂದರೆ ಸುಣ್ಣ ಕಡಿಮೆಯಾಗಿದೆ ಎಂದು ನನ್ನ ಬೆರಳಿಗೆ ಗೊತ್ತು, ಅದಕ್ಕೆ ಯೋಚನೆ ಬೇಡ. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಗ್ಲಾಸಿನಲ್ಲಿ ಕಲಸಿದೆ.

ಕೆಂಪು ಹೋಯಿತು. ಮೊದಲು ನೀಲಿ, ಆಮೇಲೆ ಹಸಿರು ಸೇರಿದ ಕಪ್ಪು. ಶಾಯಿ ದವತಿಯ ಹಾಗಾಯಿತು.

ನಕ್ಕಿದ್ದ ಸೂಟಿನವನು ಕುರ್ಚಿ ಹಿಂದಕ್ಕೆ ಸರಿಸಿದ. ಮೇಡಂ ಓಡಿ ಬಂದು ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದಳು, ಮೂಸಿದಳು, ನನ್ನ ಬಿಳಿ ಬೆರಳನ್ನು ನೋಡಿದಳು. ಏನೋ ಕೇಳಿದಳು. ಸುಶೀಲೆ ಬಿಳಿಚಿಕೊಂಡು ಏನೋ ಹೇಳಿದಳು.

"ಎಂತ ಹೇಳಿದ್ದು?" ಎಂದು ಪಿಸುಗುಟ್ಟಿದೆ.

"ನಿಂಗೆ ಹೊಟ್ಟೆ ಸರಿ ಇಲ್ಲ, ಅದು ಮದ್ದು ಅಂತ. ಸುಮ್ನೆ ಕೂತ್ಕೊ."

"ನನ್ನ ಹೊಟ್ಟೆಗೆ ಎಂತ ಆಗಿದೆ?"

"ಅಕ್ಕ! ಕತ್ತಿ!"

ನೆನಪಿತ್ತು. ಬಾಯಿ ಬಿಡಬಾರದು. ಆದರೆ ಆ ಪೆಟ್ಟಿಗೆಯ ದೀಪ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಅವರ ಅಜ್ಜನ ಉಗುರಿನ ಮಣ್ಣು ಗಾಜಿನೊಳಗೆ, ನಮ್ಮಪ್ಪನ ಸುಣ್ಣ ಹೊಟ್ಟೆಯ ಮದ್ದು!

ಎದ್ದು ನಿಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಪಕ್ಕದಲ್ಲೊಂದು ಕಂಬವಿತ್ತು, ತೆಂಗಿನ ಮರದಷ್ಟೇ ದಪ್ಪ, ಹೊಳೆಯುವ ಕಲ್ಲಿನದು. ಎರಡು ಕೈಯಲ್ಲಿ ತಬ್ಬಿ ಹಿಡಿದು ಒಂದು ಕಾಲು ಎತ್ತಿ ಅದಕ್ಕೆ ಊರಿದೆ. ನನಗೆ ತಲೆ ಸುತ್ತಿತು ಎಂದುಕೊಂಡು ಒಬ್ಬ ವೇಟರು ಕುರ್ಚಿ ಹಿಡಿದು ಓಡಿ ಬಂದ. ಅವನನ್ನು ಮೊಣಕೈಯಲ್ಲಿ ತಳ್ಳಿದೆ. ಕಣ್ಣೆತ್ತಿ ಮೇಲೆ ನೋಡಿ, ಇಲ್ಲದ ಹೊಂಬಾಳೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮುಷ್ಟಿಯಿಂದ ಮೆಲ್ಲಗೆ ಸುತ್ತಲೂ ಬಡಿದೆ. ಸೊಂಟದಿಂದ ಇಲ್ಲದ ಕತ್ತಿ ತೆಗೆದು ಮೂತಿ ಕೆತ್ತಿದೆ. ಕುಡಿಕೆ ಕಟ್ಟಿದೆ. ಬೆರಳಿನಿಂದ ಕುಡಿಕೆಯ ಒಳಗೆ ಸುಣ್ಣ ಬಳಿದೆ. ಆಮೇಲೆ ಆ ನೀಲಿ ಗ್ಲಾಸನ್ನು ತೋರಿಸಿದೆ. ಒಂದು ಶಬ್ದ ಆಡಲಿಲ್ಲ.

ಸುಶೀಲೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮೇಡಂ ನಿಧಾನವಾಗಿ ಅವಳ ಕಡೆ ತಿರುಗಿ ಒಂದೇ ಮಾತು ಕೇಳಿದಳು. ನನಗೂ ಅರ್ಥವಾಯಿತು, "ಫಾದರ್?" ಎಂದಳು. ಸುಶೀಲೆ ಕರವಸ್ತ್ರದ ಒಳಗಿನಿಂದಲೇ ತಲೆಯಾಡಿಸಿದಳು.

ಮೇಡಂ ಗಾಜಿನ ಪೆಟ್ಟಿಗೆಯ ಬೀಗ ತೆಗೆದು ತನ್ನ ಅಜ್ಜನ ಕತ್ತಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಹೆಬ್ಬೆರಳಿನಿಂದ ಅಂಚು ಸವರಿ ನೋಡಿದೆ. ಮೊಂಡು. ಆದರೆ ಹಿಡಿ ಒಳ್ಳೆಯದು, ಕೈಯಲ್ಲಿ ಕೂರುತ್ತದೆ. ತಿರುಗಿ ಕೊಟ್ಟೆ.

ಆಮೇಲೆ ಅವಳು ಸುಶೀಲೆಯ ಹತ್ತಿರ ಬಹಳ ಹೊತ್ತು ಮಾತಾಡಿದಳು. ಸುಶೀಲೆಯ ಮುಖ ಕರವಸ್ತ್ರದಿಂದ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂತು. ಕೊನೆಗೆ ನಗಲೂ ಶುರುಮಾಡಿತು. ಮೇಡಂ ಪೆಟ್ಟಿಗೆಯಲ್ಲಿ ಕತ್ತಿಯ ಪಕ್ಕದ ಜಾಗವನ್ನು ಅಂಗೈಯಿಂದ ಅಳೆದು ತೋರಿಸುತ್ತಿದ್ದಳು. ಸುಶೀಲೆ "ಯೆಸ್ ಮೇಡಂ, ಯೆಸ್ ಮೇಡಂ" ಎನ್ನುತ್ತಿದ್ದಳು. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ನನ್ನ ಸೊತ್ತನ್ನು ಇನ್ನೊಬ್ಬರು ಕೊಡುವಾಗ ಯಾವ ಭಾಷೆಯಲ್ಲಿ ಕೊಟ್ಟರೂ ಗೊತ್ತಾಗುತ್ತದೆ.

ವ್ಯಾನು

"ಅಪ್ಪನ ಕತ್ತಿ ಅಲ್ಲಿ ಇಡ್ತಾರಂತೆ ಅಕ್ಕ! ಅವಳ ಅಜ್ಜನ ಕತ್ತಿಯ ಒಟ್ಟಿಗೆ. ದೀಪ ಹಾಕಿ. ಕೆಳಗೆ ಅಪ್ಪನ ಹೆಸರು ಬರೆದು." ವ್ಯಾನು ಹತ್ತಿದ್ದೇ ಶುರುಮಾಡಿದಳು. ಮೊದಲು ಅಪ್ಪನನ್ನು ಯಜಮಾನ ಮಾಡಿದ್ದವಳು ಈಗ ಮೂರ್ತೆಯವನನ್ನಾಗಿ ಮಾಡಿ ಮೆರೆಸಲು ಹೊರಟಿದ್ದಳು.

"ಕತ್ತಿ ನನಗೆ ಕೊಡುವ ಮಾತಾಗಿತ್ತು."

"ನೀನು ಬಾಯಿ ಮುಚ್ಚಿ ಕೂತ್ರೆ ಅಂತ ಆಗಿತ್ತು."

"ಬಾಯಿ ಬಿಟ್ಟಿದ್ದೇನಾ? ಇಕ್ಬಾಲ್, ನೀನೇ ಹೇಳು. ಬಾಯಿ ಬಿಡಬೇಡ ಎಂದಳು. ನಾನು ಬಿಡಲಿಲ್ಲ. ಕೈ ಕಟ್ಟಿ ಕೂರು ಎಂದಿದ್ದಳಾ?"

ನಡೆದದ್ದನ್ನು ಕೇಳಿ ಇಕ್ಬಾಲ್ ಗಾಡಿಯನ್ನು ಬದಿಗೆ ನಿಲ್ಲಿಸಿ ನಕ್ಕ. ಕಂಬ ಹತ್ತಿದ ಕಥೆಗೆ ಅವನ ಕಣ್ಣಲ್ಲಿ ನೀರು ಬಂತು. "ಸುಶೀಲಕ್ಕ, ಪಾಯಿಂಟ್ ಅಮ್ಮನದ್ದು. ಆಣೆ ಇಟ್ಟದ್ದು ಬಾಯಿಗೆ, ಕೈಗೆ ಅಲ್ಲ."

"ನಿಮಗೆ ನಗು. ಶಾಲೆಯಲ್ಲಿ ನನ್ನನ್ನು ಕಳ್ಳಿನ ಕುಡಿಕೆ ಅಂತ ಕರೀತಿದ್ರು. ಬೆಂಚಲ್ಲಿ ಪಕ್ಕ ಕೂತ್ಕೊಳ್ತಿರ್ಲಿಲ್ಲ. ಈಗ ಒಬ್ಬಳು ಬಂದು ಮರ್ಯಾದೆ ಕೊಡ್ತೇನೆ ಅಂದ್ರೆ ಬೇಡ ಅನ್ನುದಾ?"

"ನನ್ನನ್ನೂ ಕರೆಯುತ್ತಿದ್ದರು. ನಾನು ಶಾಲೆ ಬಿಟ್ಟೆ, ನೀನು ಊರು ಬಿಟ್ಟೆ." ನನಗೂ ಸಿಟ್ಟು ನೆತ್ತಿಗೇರಿತ್ತು. "ಕೇಳು. ಅವಳ ಅಣ್ಣ ಈಗಲೂ ಅಲ್ಲಿ ಬಳ್ಳಿ ಸವರುತ್ತಾನೆ ಎಂದು ನೀನೇ ನನ್ನ ಕಿವಿಯಲ್ಲಿ ಹೇಳಿದೆ. ಅವರಿಗೆ ಹತ್ತು ಕತ್ತಿ ಕೆಲಸದಲ್ಲಿವೆ, ಒಂದನ್ನು ಗಾಜಿನೊಳಗೆ ಇಟ್ಟರೆ ನಷ್ಟವಿಲ್ಲ. ನಮಗೆ ಇರುವುದೇ ಒಂದು. ಅದೂ ಗಾಜಿನೊಳಗೆ ಹೋದರೆ ಅಲ್ಲಿಗೆ ಮುಗಿಯಿತು, ಮಾಫಿ."

ಅವಳು ಕಿಟಕಿಯ ಕಡೆ ತಿರುಗಿದಳು. ಖರ್ಜೂರದ ಮರಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಬುಡಕ್ಕೆ ನೀರು ಕುಡಿಯುತ್ತ. ನಾನು ಹೇಳಿದ್ದೆಲ್ಲ ನಿಜ. ಆದರೆ ಆ ದೀಪದ ಕೆಳಗೆ ಅಪ್ಪನ ಕತ್ತಿ ಹೇಗೆ ಕಾಣುತ್ತಿತ್ತು ಎಂದು ನಾನೂ ದಾರಿಯುದ್ದಕ್ಕೂ ಯೋಚಿಸಿದೆ. ಅದೂ ನಿಜ.

ಮತ್ತೆ ಸತ್ವಾ

ಅಂಗಡಿಯ ಬಾಗಿಲು ತೆಗೆದೇ ಇತ್ತು. ವಾಮನ ನೆಲದ ಮೇಲೆ ಕೂತು ಬಟ್ಟೆಯ ಪೆಟ್ಟಿಗೆಯೊಂದರ ರಟ್ಟನ್ನು ಸೀಳುತ್ತಿದ್ದ. ಕೈಯಲ್ಲಿ ಅಪ್ಪನ ಕತ್ತಿ.

ಸುಶೀಲೆ ಫೋನಿನಲ್ಲಿ ಅದನ್ನು ಗೋದ್ರೆಜು ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ ಎಂದಿದ್ದಳು. ನಾನು ಅವಳನ್ನು ನೋಡಿದೆ. ಅವಳು ಗಂಡನನ್ನು ನೋಡಿದಳು. ವಾಮನನಿಗೆ ಏನೂ ಗೊತ್ತಿಲ್ಲ. "ಬಂದ್ರಾ? ಹೇಗಾಯ್ತು? ಅಕ್ಕ, ಎಂತ ಕತ್ತಿ ಮಾರಾಯ್ರೆ ನಿಮ್ಮ ತಂದೆಯದ್ದು! ಇಷ್ಟು ವರ್ಷದಲ್ಲಿ ಎಷ್ಟು ರಟ್ಟು ಸೀಳಿದೆ, ಇನ್ನೂ ಹರಿತ" ಎಂದ.

ನಾನು ಕೈ ಚಾಚಿದೆ. ಕೊಟ್ಟ. ಅಂಚಿನಲ್ಲಿ ಒಂದು ಕಡೆ ಅಕ್ಕಿಕಾಳಿನಷ್ಟು ಮುಕ್ಕಾಗಿತ್ತು. ಹಿಡಿಯಲ್ಲಿ ತನಿಯನ ಹೆಬ್ಬೆರಳು ಕೂತ ಗುಳಿ ಹಾಗೆಯೇ ಇತ್ತು.

ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಸುಶೀಲೆ ಕತ್ತರಿ ಮೇಜಿನಿಂದ ಹೋಟೆಲಿನವರಿಗೆ ಹೊಲಿದು ಮಿಕ್ಕಿದ್ದ ಒಂದು ಏಪ್ರನ್ ತಂದು ನೆಲದ ಮೇಲೆ ಹಾಸಿದಳು. ಕತ್ತಿಯನ್ನು ನನ್ನ ಕೈಯಿಂದ ತೆಗೆದು ಅದರಲ್ಲಿ ಸುತ್ತಿದಳು. ಸೂಜಿ ದಾರ ತಂದು ಸುತ್ತಲೂ ಹೊಲಿದಳು, ಬಗ್ಗಿದರೂ ಬಿಡದ ಹೊಲಿಗೆ.

"ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ ಹಾಕು. ಕೈಚೀಲದಲ್ಲಿ ಹಾಕಿದ್ರೆ ಪೊಲೀಸ್ನವರು ಹಿಡೀತಾರೆ" ಎಂದಳು.

ಊರು

ಏಪ್ರನ್ನಿನ ಹೊಲಿಗೆ ಬಿಚ್ಚಲು ನನಗೆ ಒಂದು ಬೆಳಗು ಹಿಡಿಯಿತು.

ಈ ವರ್ಷ ಎಲೆಯ ಬಲಗಡೆ ಕತ್ತಿ ಇಟ್ಟು ಬಡಿಸಿದೆ. ಮರುದಿನ ಅದನ್ನು ಶೀನನಿಗೆ ಕೊಟ್ಟೆ. ನಮ್ಮ ಕಡೆ ಈಗ ಮರ ಹತ್ತುವವನು ಅವನೊಬ್ಬನೇ. ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಮಸೆದು ಮಸೆದು ಮುಕ್ಕು ಹೋಗಿಸಿದ. ಎಲೆ ಹಾಕುವ ದಿನ ಮಾತ್ರ ನನಗೆ ತಂದುಕೊಡಬೇಕು ಎಂದು ಕರಾರು. ದಂಡೆಯವಳು ಇನ್ನೂ ಇದ್ದಾಳೆ. ಅವನು ಅದನ್ನು ಹತ್ತುತ್ತಾನೆ. ಕುಡಿಕೆಗೆ ಸುಣ್ಣ ಬಳಿದು ಕೊಡುವುದು ನಾನು.

ಸುಶೀಲೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮೊನ್ನೆ ಹೇಳಿದಳು, "ಅಕ್ಕ, ಮೇಡಂ ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ಕತ್ತಿಗೆ ಅಂತ ಅಳೆದ ಜಾಗ ಹಾಗೇ ಖಾಲಿ ಇಟ್ಟಿದ್ದಾಳೆ ಮಾರಾಯ್ತಿ. ಬಂದವರೆಲ್ಲ ಇಲ್ಲಿ ಎಂತ ಇತ್ತು ಅಂತ ಕೇಳ್ತಾರಂತೆ. ಅವಳು ಅದು ಇನ್ನೂ ಕೆಲಸದಲ್ಲಿ ಉಂಟು ಅಂತ ಹೇಳ್ತಾಳಂತೆ. ಹೇಳುವಾಗ ಅವಳ ಮುಖ ಸಣ್ಣ ಆಗ್ತದಂತೆ."

ಆಗಲಿ. ಅವಳಿಗೂ ಸ್ವಲ್ಪ ಹೊಟ್ಟೆ ಉರಿಯಲಿ.